ತಡವಾಗಿ ಬಂದ ಹುಡುಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದರೆ ಹಾಜರಾತಿ ಕೊರತೆಗೆ ಹೊಣೆ ಯಾರು?

ಪ್ರಶ್ನೆ ಕೇಳಿದವರು: ಮಲೆನಾಡಿನ ಪೋಷಕ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನವನು. ಸ್ವಲ್ಪ ಅಡಿಕೆ ತೋಟವಿದೆ. ಮಗ ಎಂಟು ಕಿಲೋಮೀಟರ್ ದೂರದ ಪೇಟೆಯ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ. ಕಳೆದ ವಾರ ಶಾಲೆಯಿಂದ ನನ್ನನ್ನು ಕರೆಸಿ ಒಂದು ಚೀಟಿ ಕೊಟ್ಟರು. ಅದರ ಪ್ರಕಾರ ನವೆಂಬರ್ ಕೊನೆಯವರೆಗೆ ಶಾಲೆ ನಡೆದದ್ದು 132 ದಿನ, ಇವನು ಹಾಜರಿದ್ದದ್ದು 94 ದಿನ, ಅಂದರೆ ಶೇಕಡಾ 71. ಹೀಗೆಯೇ ಮುಂದುವರಿದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಲು ಬರುವುದಿಲ್ಲ ಎಂದು ತಿಳಿಸಿದರು.

ಗೈರಾದ 38 ದಿನಗಳನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಜುಲೈ ತಿಂಗಳಲ್ಲಿ ಜ್ವರ ಬಂದು 14 ದಿನ ಹೋಗಿಲ್ಲ. ಅದಕ್ಕೆ ವೈದ್ಯರ ಚೀಟಿ ಇದೆ. 13 ದಿನ ಅಡಿಕೆ ಕೊಯ್ಲಿಗೆ ನಾನೇ ನಿಲ್ಲಿಸಿಕೊಂಡಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಉಳಿದ 11 ದಿನ ಅವನು ಮನೆಯಿಂದ ಸಮವಸ್ತ್ರ ಹಾಕಿಕೊಂಡು, ಬುತ್ತಿ ಕಟ್ಟಿಸಿಕೊಂಡು ಹೊರಟವನೇ. ನಮ್ಮೂರಿನಿಂದ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಅದು ತಡವಾದ ದಿನ ಇವನು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಗೇಟು ಹಾಕಿರುತ್ತದೆ, ಒಳಗೆ ಬಿಡುವುದಿಲ್ಲ. ಮನೆಗೆ ಮರಳಲು ಮಧ್ಯಾಹ್ನ ಒಂದು ಗಂಟೆಯವರೆಗೆ ಬಸ್ಸಿಲ್ಲ. ಅಷ್ಟು ಹೊತ್ತು ಇವನು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಸಿಮೆಂಟು ಕಟ್ಟೆಯ ಮೇಲೆ ಕುಳಿತು, ಬುತ್ತಿಯನ್ನೂ ಅಲ್ಲಿಯೇ ಉಂಡು ಬರುತ್ತಿದ್ದನಂತೆ. ಬೈಯುತ್ತೇವೆಂದು ಹೆದರಿ ನಮಗೆ ಹೇಳಿರಲಿಲ್ಲ.

ಈಗ ಶಾಲೆಯವರು ‘ಇನ್ನು ಮುಂದೆ ತಡವಾಗಿ ಬಂದಲ್ಲಿ ವರ್ಗಾವಣೆ ಪತ್ರ ಪಡೆದು ಹೋಗಲು ನನ್ನ ಒಪ್ಪಿಗೆ ಇದೆ’ ಎಂಬ ಮುಚ್ಚಳಿಕೆಗೆ ಸಹಿ ಹಾಕಲು ಹೇಳುತ್ತಿದ್ದಾರೆ. ಸಹಿ ಹಾಕಬೇಕೆ? ಜ್ವರದ ದಿನಗಳಿಗೆ ವೈದ್ಯರ ಚೀಟಿ ಕೊಟ್ಟರೆ ಹಾಜರಿ ಸಿಗುತ್ತದೆಯೇ? ಗೇಟಿನಿಂದ ವಾಪಸ್ ಕಳಿಸಿದ ದಿನಗಳನ್ನು ಗೈರು ಎಂದು ಬರೆಯುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

ಮಾನ್ಯರೇ, ಮೊದಲು ಲೆಕ್ಕ ನೋಡೋಣ. ಆತಂಕದ ಅರ್ಧ ಭಾಗ ಅದರಲ್ಲಿಯೇ ಇಳಿಯುತ್ತದೆ. ಡಿಸೆಂಬರ್‌ನಿಂದ ತರಗತಿಗಳು ಮುಗಿಯುವವರೆಗೆ ನಿಮ್ಮ ಶಾಲೆಯಲ್ಲಿ ಇನ್ನು ಸುಮಾರು 72 ದಿನ ಪಾಠ ನಡೆಯುತ್ತದೆ ಎಂದಿಟ್ಟುಕೊಳ್ಳಿ (ಖಚಿತ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಬರೆದುಕೊಳ್ಳಿ). ಆಗ ಒಟ್ಟು 204 ದಿನ. ಪರೀಕ್ಷೆಗೆ ಕೂರಲು ಬೇಕಾದದ್ದು ಅದರ ಶೇಕಡಾ 75, ಅಂದರೆ 153 ದಿನ. ಈಗಾಗಲೇ 94 ಇರುವುದರಿಂದ ಉಳಿದ 72ರಲ್ಲಿ 59 ದಿನ ಹಾಜರಿದ್ದರೆ ಸಾಕು, ಅಂದರೆ ಇನ್ನು 13 ದಿನಗಳವರೆಗೆ ತಪ್ಪಿಸಿಕೊಳ್ಳಲು ಅವಕಾಶವಿದೆ. ಒಂದು ದಿನವೂ ತಪ್ಪಿಸದಿದ್ದರೆ ಶೇಕಡಾ 81 ದಾಟುತ್ತಾನೆ. ಆದ್ದರಿಂದ ಪರೀಕ್ಷೆ ಕೈತಪ್ಪಿತೆಂದು ಹುಡುಗನ ಎದುರು ಯಾರೂ ಆಡಬೇಡಿ. ಇದೇ ಚೀಟಿ ಫೆಬ್ರವರಿಯಲ್ಲಿ ನಿಮ್ಮ ಕೈಗೆ ಬಂದಿದ್ದರೆ ನಾನು ಬೇರೆಯೇ ಮಾತು ಹೇಳಬೇಕಾಗುತ್ತಿತ್ತು.

ಇನ್ನು ವೈದ್ಯರ ಚೀಟಿಯ ವಿಷಯ. ಪೋಷಕರಲ್ಲಿ ಬಹಳ ದಿನದಿಂದ ಇರುವ ಒಂದು ತಪ್ಪು ತಿಳಿವಳಿಕೆ ಇದು. ವೈದ್ಯರ ಪ್ರಮಾಣಪತ್ರವು ಮಗು ಏಕೆ ಬರಲಿಲ್ಲ ಎಂಬುದಕ್ಕೆ ದಾಖಲೆಯೇ ಹೊರತು, ಬಾರದ ದಿನವನ್ನು ಬಂದ ದಿನವಾಗಿ ಮಾಡುವುದಿಲ್ಲ. ಹಾಗಿದ್ದರೂ ಅದನ್ನು ರಜಾ ಅರ್ಜಿಯ ಜೊತೆಗೆ ಶಾಲೆಗೆ ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಕೊನೆಯಲ್ಲಿ ಒಂದೆರಡು ದಿನಗಳ ಮಾತು ಬಂದಾಗ ಕಾರಣವಿಲ್ಲದ ಗೈರಿಗೂ ಕಾರಣವಿರುವ ಗೈರಿಗೂ ವ್ಯತ್ಯಾಸ ಮಾಡಿ ನೋಡುವವರು ಇರುತ್ತಾರೆ.

ಗೇಟಿನ ವಿಷಯಕ್ಕೆ ಬರುತ್ತೇನೆ. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಗುರುತು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಬೆಳಗಿನ ಹಾಜರಿ ಕರೆಯುವಾಗ ಇಲ್ಲದ ಹುಡುಗ ಹನ್ನೊಂದು ಗಂಟೆಗೆ ಬಂದರೆ ಹೆಚ್ಚೆಂದರೆ ಅರ್ಧ ದಿನ ಕಳೆದುಕೊಳ್ಳಬೇಕು. ಅವನನ್ನು ಹೊರಗೇ ಇಟ್ಟರೆ ಅರ್ಧ ದಿನದ ತಪ್ಪಿಗೆ ಇಡೀ ದಿನದ ದಂಡವಾಗುತ್ತದೆ. ನಿಮ್ಮ ಲೆಕ್ಕವನ್ನೇ ನೋಡಿ: ಆ 11 ದಿನಗಳನ್ನು ಸೇರಿಸಿದರೆ 105 ದಿನ, ಶೇಕಡಾ 79. ನಿಮ್ಮನ್ನು ಕರೆಸಿ ಚೀಟಿ ಕೊಡುವ ಸಂದರ್ಭವೇ ಬರುತ್ತಿರಲಿಲ್ಲ. ಶಿಸ್ತಿಗೆಂದು ಮಾಡಿದ ನಿಯಮವೊಂದು ಹಾಜರಾತಿಯ ನಿಯಮವನ್ನು ತಿಂದುಹಾಕಿದ ಪ್ರಕರಣ ಇದು. ನನ್ನ ಸೇವೆಯಲ್ಲಿ ಇಂಥವನ್ನು ಹಲವು ನೋಡಿದ್ದೇನೆ, ಮೊದಲ ಮೂರ್ನಾಲ್ಕು ವರ್ಷ ನಾನೇ ಮಾಡಿಯೂ ಇದ್ದೇನೆ.

ಆದರೂ ಬರೆದ ಗೈರನ್ನು ಈಗ ಹಾಜರಿ ಎಂದು ತಿದ್ದಿಸಲು ಮಾತ್ರ ಹೋಗಬೇಡಿ. ‘ಹಾಕಿಬಿಡಿ ಸಾರ್, ಯಾರು ನೋಡುತ್ತಾರೆ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಿದ್ದಿದ ಪುಸ್ತಕವನ್ನು ಬಿಸಿಯೂಟದ ಲೆಕ್ಕದ ಜೊತೆ ಇಟ್ಟು ನೋಡಿದರೆ ತಿದ್ದಿದ್ದು ತಾನಾಗಿ ಹೊರಬೀಳುತ್ತದೆ, ಮತ್ತು ಸಿಕ್ಕಿಬೀಳುವವರು ತರಗತಿ ಶಿಕ್ಷಕರು.

ಕೊನೆಯದಾಗಿ, ಅಡಿಕೆ ಕೊಯ್ಲಿನ 13 ದಿನಗಳ ಬಗ್ಗೆ ನೀವೇ ಒಪ್ಪಿಕೊಂಡಿರುವುದರಿಂದ ಹೆಚ್ಚು ಹೇಳುವುದಿಲ್ಲ. ಹಾಜರಾತಿಯಷ್ಟೇ ಅಲ್ಲ, ಪ್ರಥಮ ಭಾಷೆಯಲ್ಲಿ 25 ಮತ್ತು ಉಳಿದ ವಿಷಯಗಳಲ್ಲಿ ತಲಾ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಇವೆ. ಗೈರಾದ ದಿನಗಳಲ್ಲಿ ಚಟುವಟಿಕೆ, ಕಿರುಪರೀಕ್ಷೆಗಳು ನಡೆದಿದ್ದರೆ ಅವುಗಳನ್ನು ಮತ್ತೆ ಮಾಡಿಸಿಕೊಳ್ಳುವಂತೆ ವಿಷಯ ಶಿಕ್ಷಕರನ್ನು ಈಗಲೇ ಕೇಳಿ.

ಉತ್ತರ 2: ಪ್ರೌಢಶಾಲಾ ಸಹಶಿಕ್ಷಕಿ, ಯಾದಗಿರಿ ಜಿಲ್ಲೆ

ಮೇಲಿನ ಹಿರಿಯರ ಮಾತುಗಳಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಗೇಟು ಹಾಕುವ ಶಾಲೆಯ ಕಷ್ಟವನ್ನೂ ಯಾರಾದರೂ ಹೇಳಬೇಕಲ್ಲವೇ? ನನ್ನ ತರಗತಿಯಲ್ಲಿ 64 ಮಕ್ಕಳಿದ್ದಾರೆ. ನಾಡಗೀತೆ, ಸಂವಿಧಾನದ ಪೀಠಿಕೆಯ ಓದು, ರಾಷ್ಟ್ರಗೀತೆ ಮುಗಿಸಿ ಒಳಗೆ ಬಂದು ಹಾಜರಿ ಕರೆದು ಪಾಠ ಹಿಡಿದ ಮೇಲೆ ಐದೈದು ನಿಮಿಷಕ್ಕೆ ಒಬ್ಬರಂತೆ ಬಾಗಿಲಲ್ಲಿ ಬಂದು ನಿಂತರೆ ಗಣಿತದ ಒಂದು ಲೆಕ್ಕವೂ ಮುಂದೆ ಹೋಗುವುದಿಲ್ಲ. ತಡವಾಗಿ ಬರುವ ಎಲ್ಲರೂ ಬಸ್ಸಿಗೆ ಕಾದವರಲ್ಲ. ಪೇಟೆಯಲ್ಲಿಯೇ ಮನೆಯಿದ್ದು, ಮೊಬೈಲ್ ಅಂಗಡಿಯ ಮುಂದೆ ನಿಂತು ಬರುವವರೂ ಇದ್ದಾರೆ. ಎಲ್ಲರಿಗೂ ಒಂದೇ ನಿಯಮ ಎಂದು ಮಾಡಿದರೆ ಬಸ್ಸಿನ ಮಗು ಸಿಕ್ಕಿಕೊಳ್ಳುತ್ತದೆ, ಮಾಡದಿದ್ದರೆ ‘ಅವನನ್ನು ಬಿಟ್ಟಿರಿ, ನನ್ನನ್ನು ಯಾಕೆ ಬಿಡಲಿಲ್ಲ’ ಎಂಬ ಜಗಳ.

ನಮ್ಮಲ್ಲಿ ಎರಡು ವರ್ಷದಿಂದ ಒಂದು ತಡ ಪುಸ್ತಕ ಇಟ್ಟಿದ್ದೇವೆ. ತಡವಾಗಿ ಬಂದವರು ಹೆಸರು, ಬಂದ ಸಮಯ, ಕಾರಣ ಬರೆದು ಸಹಿ ಹಾಕಿ, ಮೊದಲ ಅವಧಿ ಮುಗಿಯುವವರೆಗೆ ಗ್ರಂಥಾಲಯದಲ್ಲಿ ಕುಳಿತು, ಎರಡನೇ ಅವಧಿಗೆ ತರಗತಿಗೆ ಬರುತ್ತಾರೆ. ಒಂದು ತಿಂಗಳ ಪುಸ್ತಕ ತಿರುವಿದರೆ ಯಾರದು ಬಸ್ಸು, ಯಾರದು ಸೋಮಾರಿತನ ಎಂಬುದು ತಾನಾಗಿ ತಿಳಿಯುತ್ತದೆ. ಒಂದೇ ಹಳ್ಳಿಯ ಒಂಬತ್ತು ಮಕ್ಕಳು ಒಂದೇ ದಿನ, ಒಂದೇ ಸಮಯಕ್ಕೆ ಬಂದದ್ದನ್ನು ಆ ಪುಸ್ತಕದಲ್ಲಿ ತೋರಿಸಿಯೇ ನಾವು ಬಸ್ ಘಟಕಕ್ಕೆ ಪತ್ರ ಬರೆದೆವು.

ಮನೆಗೆಲಸಕ್ಕೆ ಮಕ್ಕಳನ್ನು ನಿಲ್ಲಿಸಿಕೊಳ್ಳುವುದು ನಮ್ಮ ಭಾಗದಲ್ಲಿ ಇನ್ನೂ ದೊಡ್ಡ ಸಮಸ್ಯೆ. ನವೆಂಬರ್, ಡಿಸೆಂಬರ್ ಬಂತೆಂದರೆ ಹತ್ತಿ ಬಿಡಿಸಲು ಹುಡುಗಿಯರೇ ಹೆಚ್ಚಾಗಿ ಹೋಗುತ್ತಾರೆ. ‘ಜ್ವರ ಇತ್ತು ಟೀಚರ್’ ಎನ್ನುವ ಹುಡುಗಿಯ ಬೆರಳ ತುದಿಗಳನ್ನು ನೋಡಿದರೆ ಸಾಕು. ಒಣಗಿದ ಹತ್ತಿಕಾಯಿಯ ಮೊನೆ ಚುಚ್ಚಿ ಉಗುರಿನ ಪಕ್ಕದ ಚರ್ಮ ಎದ್ದಿರುತ್ತದೆ. ಅವಳನ್ನು ಹೊರಗೆ ನಿಲ್ಲಿಸಿದರೆ ಮರುದಿನ ಅವಳು ಮತ್ತೆ ಹೊಲಕ್ಕೇ ಹೋಗುತ್ತಾಳೆ, ಅದಕ್ಕೆ ಮನೆಯವರ ಆಕ್ಷೇಪವೂ ಇರುವುದಿಲ್ಲ. ಊರು ಬಿಟ್ಟು ಗುಳೆ ಹೋಗುವ ಮನೆಗಳ ಮಕ್ಕಳ ಮಾತಂತೂ ಬೇರೆಯೇ. ಆದ್ದರಿಂದ ಮೂರು ದಿನ ಸತತವಾಗಿ ಬಾರದವರ ಮನೆಗೆ ಫೋನ್ ಮಾಡುವುದು, ಐದನೇ ದಿನಕ್ಕೆ ನಾವೇ ಹೋಗುವುದು ಎಂದು ಮಾಡಿಕೊಂಡಿದ್ದೇವೆ. ನಿಮ್ಮ ಮಗ 11 ದಿನ ಗೇಟಿನಿಂದ ವಾಪಸ್ ಹೋದದ್ದು ಮನೆಗೆ ತಿಳಿದಿರಲಿಲ್ಲ ಎಂಬುದೇ ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ ಸಂಗತಿ. ಹದಿನೈದು ವರ್ಷದ ಮಗು ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಆ ನಾಲ್ಕು ಗಂಟೆಯಲ್ಲಿ ಏನಾದರೂ ಆಗಿದ್ದರೆ ಶಾಲೆ ಯಾವ ಉತ್ತರ ಕೊಡುತ್ತಿತ್ತು?

ಉತ್ತರ 3: ವಕೀಲರು, ಧಾರವಾಡ

ಮುಚ್ಚಳಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಈಗಿರುವ ಒಕ್ಕಣೆಗೆ ಸಹಿ ಹಾಕಬೇಡಿ. ‘ಮಗನನ್ನು ಸಮಯಕ್ಕೆ ಸರಿಯಾಗಿ ಕಳಿಸುತ್ತೇನೆ, ಕೃಷಿ ಕೆಲಸಕ್ಕೆ ನಿಲ್ಲಿಸಿಕೊಳ್ಳುವುದಿಲ್ಲ, ಬಸ್ಸು ತಡವಾದ ದಿನ ಶಾಲೆಗೆ ದೂರವಾಣಿ ಮೂಲಕ ತಿಳಿಸುತ್ತೇನೆ’ ಎಂದು ನೀವೇ ಒಂದು ಪತ್ರ ಬರೆದುಕೊಡಿ. ಶಾಲೆಗೆ ಬೇಕಾದ ಭರವಸೆ ಅದರಲ್ಲಿದೆ, ಮಗುವಿನ ಓದನ್ನು ಪಣಕ್ಕಿಡುವ ಸಾಲು ಇಲ್ಲ.

ಕಾನೂನಿನ ಸ್ಥಿತಿಯಲ್ಲಿ ಒಂದು ಸೂಕ್ಷ್ಮವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣವು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ತಡೆಯುತ್ತದೆ. 17ನೇ ಪ್ರಕರಣವು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಆದರೆ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ ಅನ್ವಯಿಸುವಂಥದ್ದು. ಹತ್ತನೇ ತರಗತಿಯ ಹುಡುಗನ ವಿಷಯದಲ್ಲಿ ಅದನ್ನೇ ಹಿಡಿದು ವಾದಿಸಿದರೆ ಎದುರಿನವರು ಸುಲಭವಾಗಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆಂದು ಒಂಬತ್ತು, ಹತ್ತನೇ ತರಗತಿಯವರಿಗೆ ರಕ್ಷಣೆಯೇ ಇಲ್ಲವೆಂದಲ್ಲ: 2015ರ ಬಾಲನ್ಯಾಯ ಕಾಯ್ದೆಯ 75ನೇ ಪ್ರಕರಣವು ತನ್ನ ಹೊಣೆಯಲ್ಲಿರುವ ಮಗುವನ್ನು ಹಿಂಸಿಸುವುದನ್ನು ಅಥವಾ ಬೇಕೆಂದೇ ನಿರ್ಲಕ್ಷಿಸುವುದನ್ನು ಅಪರಾಧವೆನ್ನುತ್ತದೆ, ಮತ್ತು ಅಲ್ಲಿ ಮಗು ಎಂದರೆ 18 ತುಂಬದವರೆಲ್ಲರೂ. ನಿಮ್ಮ ಪ್ರಕರಣ ಅಲ್ಲಿಯವರೆಗೆ ಹೋಗುವಂಥದ್ದಲ್ಲ, ಹೋಗಲೂಬಾರದು. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿ. ಪರಿಹಾರವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರನ್ನು ಕಾಣಿ. ಅದಕ್ಕೂ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮನವಿಯಲ್ಲಿ ಆ 11 ದಿನಗಳ ದಿನಾಂಕಗಳನ್ನು ಒಂದೊಂದಾಗಿ ಬರೆಯಿರಿ, ‘ಹಲವು ದಿನ’ ಎಂದು ಬರೆಯಬೇಡಿ.

ಪ್ರಶ್ನೆ ಕೇಳಿದವರ ಮರುಬರಹ: ಮಲೆನಾಡಿನ ಪೋಷಕ

ಮೂವರಿಗೂ ಧನ್ಯವಾದಗಳು. ಸೋಮವಾರ ಶಾಲೆಗೆ ಹೋಗಿ ಬಂದೆ. ನಾನೇ ಬರೆದ ಪತ್ರವನ್ನು ಕೊಟ್ಟೆ. ಮುಖ್ಯೋಪಾಧ್ಯಾಯರು ಎರಡು ಸಲ ಓದಿ, ತಮ್ಮ ಮುಚ್ಚಳಿಕೆಯ ಹಾಳೆಯನ್ನು ಮೇಜಿನ ಡ್ರಾಯರಿಗೆ ಹಾಕಿದರು. ಉಳಿದಿರುವುದು 72 ಅಲ್ಲ, 70 ದಿನಗಳಂತೆ. ಆ ಲೆಕ್ಕದಲ್ಲಿ 58 ದಿನ ಬೇಕು. ತಡ ಪುಸ್ತಕದ ಮಾತನ್ನು ಯಾದಗಿರಿಯ ಟೀಚರ್ ಹೇಳಿದ ಹಾಗೆಯೇ ಅವರಿಗೆ ಹೇಳಿದೆ. ಪುಸ್ತಕ ಇಡುವ ಬಗ್ಗೆ ಶಿಕ್ಷಕರ ಸಭೆಯಲ್ಲಿ ಕೇಳಿ ತಿಳಿಸುತ್ತೇವೆ ಎಂದರು, ಆದರೆ ನಮ್ಮ ಬಸ್ಸಿನಲ್ಲಿ ಬರುವ ಆರು ಮಕ್ಕಳನ್ನು ಅಲ್ಲಿಯವರೆಗೆ ಒಳಗೆ ಬಿಡಲು ಒಪ್ಪಿದ್ದಾರೆ. ಗೈರು ಬರೆದದ್ದನ್ನು ತಿದ್ದಲು ನಾನು ಕೇಳಲಿಲ್ಲ.

ಇನ್ನೊಂದು ಸಂಗತಿ ಹುಡುಗನ ಬಾಯಿಂದ ಆಮೇಲೆ ತಿಳಿಯಿತು. ಬಸ್ಸು ತಪ್ಪಿದ್ದು ಎಲ್ಲ ದಿನವೂ ಬಸ್ಸಿನ ತಪ್ಪಿನಿಂದಲ್ಲ. ರಾತ್ರಿ ಹನ್ನೊಂದರವರೆಗೆ ನಮ್ಮ ಜೊತೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಮರುದಿನ ಅವನಿಗೆ ಬೆಳಿಗ್ಗೆ ಏಳಲಾಗುತ್ತಿರಲಿಲ್ಲವಂತೆ. ಮೂರು ದಿನ ಬಸ್ಸು ಹೋದ ಮೇಲೆ ಯಾರದ್ದೋ ಹಾಲಿನ ವಾಹನ ಹತ್ತಿ ಹೋಗಿದ್ದಾನೆ. ಸುಲಿಯಲು ಈಗ ಪಕ್ಕದ ಊರಿನಿಂದ ಇಬ್ಬರನ್ನು ಕರೆದಿದ್ದೇನೆ. ಅವನು ಒಂಬತ್ತೂವರೆಗೆ ಮಲಗುತ್ತಾನೆ.