ಮಗಳಿಗೆ 18, ಅಮ್ಮನಿಗೆ 39: ಇಬ್ಬರಿಗೂ ವಿದ್ಯಾರ್ಥಿವೇತನ ಸಿಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನ ಜಿಲ್ಲೆಯವರು, ಪರಿಶಿಷ್ಟ ಜಾತಿಗೆ ಸೇರಿದವರು. ಯಜಮಾನರದು ಗಾರೆ ಕೆಲಸ; ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 1,20,000 ರೂಪಾಯಿ ಎಂದಿದೆ. ಮಗಳು ಈ ವರ್ಷ ಬಿ.ಎಸ್ಸಿ.ಗೆ ಸೇರಿದ್ದಾಳೆ. ನಾನು ಪಿಯುಸಿ ಮುಗಿಸಿ ಇಪ್ಪತ್ತೊಂದು ವರ್ಷವಾಯಿತು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಬೇಕೆಂದಿದ್ದೇನೆ. ‘ಈ ವಯಸ್ಸಿಗೆ ಯಾರು ದುಡ್ಡು ಕೊಡುತ್ತಾರೆ’ ಎಂದು ಮನೆಯಲ್ಲೇ ನಗುತ್ತಾರೆ. ನಿಜವೇ?

ಉತ್ತರ (ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಹದಿನೇಳು ವರ್ಷದಿಂದ ಇದ್ದೇನೆ): ನಗುವವರು ನಗಲಿ, ಅಮ್ಮ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಗರಿಷ್ಠ ವಯಸ್ಸು ಎಂಬುದಿಲ್ಲ. ನೋಡುವುದು ಆದಾಯ: ವರ್ಷಕ್ಕೆ 2.5 ಲಕ್ಷ ಮೀರಬಾರದು. ದೂರಶಿಕ್ಷಣದವರೂ ಅರ್ಜಿ ಹಾಕಬಹುದು.

ವಯಸ್ಸು ಕೇಳುವ ಯೋಜನೆ ಬೇರೆ ಇದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಕೇಂದ್ರ ಸರ್ಕಾರ ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಅದಕ್ಕೆ 18ರಿಂದ 25 ವರ್ಷದವರಾಗಿರಬೇಕು, ರೆಗ್ಯುಲರ್ ಕಾಲೇಜಿನಲ್ಲೇ ಓದಬೇಕು. ನಿಮ್ಮ ಮಗಳಿಗೆ ಅರ್ಹತೆ ಇರಬಹುದು. ಆದರೆ ಅದನ್ನು ಪಡೆದರೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಕಾಲೇಜಿನ ಶುಲ್ಕ, ಹಾಸ್ಟೆಲ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿ ನೋಡಿ, ಆಮೇಲೆ ಆರಿಸಿಕೊಳ್ಳಿ.

ನಿಮ್ಮ ಅರ್ಜಿಗೆ ತೊಡಕಾಗುವುದು ವಯಸ್ಸಲ್ಲ, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಮದುವೆಯಾದ ಹೆಣ್ಣುಮಕ್ಕಳ ಹತ್ತು ಅರ್ಜಿ ಬಂದರೆ ಆರೇಳರದ್ದು ಇದೇ ಪಾಡು. ಅರ್ಜಿ ಹಾಕುವ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ, ಅಂದರೆ ಎಸ್‌ಎಸ್‌ಪಿ ಪೋರ್ಟಲ್‌ಗೆ ‘ಮಂಜುಳ ಬಿ.’ ಬೇರೆ, ‘ಮಂಜುಳಾ’ ಬೇರೆ. ಅರ್ಜಿ ತೆರೆಯುವ ಮೊದಲೇ ಆಧಾರ್ ತಿದ್ದಿಸಿಕೊಳ್ಳಿ. ಗಂಡನ ಆದಾಯ ತೋರಿಸುವ ಪ್ರಮಾಣಪತ್ರ ನಾಡಕಚೇರಿಯದ್ದು ಇರಲಿ, ಅದರ ಮೇಲೆ ಮುದ್ರಿಸಿರುವ ಆರ್.ಡಿ. ಸಂಖ್ಯೆ ಬೇಕಾಗುತ್ತದೆ.

ಪ್ರಶ್ನೆ: ಹಣ ನನ್ನ ಖಾತೆಗೇ ಬರುತ್ತದೆಯೇ, ಸರ್?

ಉತ್ತರ: ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಕಳೆದ ವರ್ಷ ಒಬ್ಬ ಹುಡುಗ ‘ಮಂಜೂರು ಎಂದಿದೆ, ದುಡ್ಡಿಲ್ಲ’ ಎಂದು ಮೂರು ತಿಂಗಳು ನನ್ನ ಮೇಜಿನ ಮುಂದೆ ನಿಂತ. ಹುಡುಕಿದರೆ, ಯಾವುದೋ ಕೊಡುಗೆಯ ಆಸೆಗೆ ಮೊಬೈಲಿನಲ್ಲಿ ತೆರೆದು ಮರೆತಿದ್ದ ಖಾತೆಯಲ್ಲಿ ಹಣ ತಣ್ಣಗೆ ಕುಳಿತಿತ್ತು. ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ’ ಎಂದೇ ಕೇಳಿ; ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬ ದಾಖಲೆ ಅದು. ‘ಆಧಾರ್ ಲಿಂಕ್ ಆಗಿದೆಯೇ’ ಎಂದರೆ ಎಲ್ಲರೂ ಆಗಿದೆ ಎನ್ನುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಸರ್, ನನಗೆ 23. ಬಿ.ಕಾಂ. ಆಗಿದೆ, ಯುವನಿಧಿ ಬರುತ್ತಿದೆ. ಎಂ.ಕಾಂ. ಸೇರಿದರೂ ಬರುತ್ತದೆಯೇ?

ಉತ್ತರ: ಇಲ್ಲ. ತಿಂಗಳಿಗೆ 3,000 ರೂಪಾಯಿಯ ಆ ಭತ್ಯೆ ಕೆಲಸವಿಲ್ಲದ ಪದವೀಧರರಿಗೆ, ಅದೂ ಎರಡು ವರ್ಷದವರೆಗೆ ಮಾತ್ರ. ಓದು ಮುಂದುವರಿಸಿದವರಿಗೆ ಅದು ಸಲ್ಲುವುದಿಲ್ಲ. ಪ್ರವೇಶ ಪಡೆದ ಮೇಲೆ ‘ಓದುತ್ತಿಲ್ಲ’ ಎಂದು ಘೋಷಣೆ ಕೊಡುವ ಜಾಣತನ ಬೇಡ. ನೀವೂ ಪರಿಶಿಷ್ಟ ಜಾತಿಯವರಾಗಿದ್ದು ಆದಾಯ ಮಿತಿಯೊಳಗಿದ್ದರೆ ಎಂ.ಕಾಂ.ಗೆ ಮೇಲೆ ಹೇಳಿದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಅದು ಮೇಲಿನ ಹಂತ. ಬಿ.ಕಾಂ. ಆದ ಮೇಲೆ ಮತ್ತೆ ಬಿ.ಎ.ಗೆ ಸೇರಿದ್ದರೆ ಅದೂ ಸಿಗುತ್ತಿರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ್, ನನ್ನ ಅಂಕಪಟ್ಟಿ ತವರುಮನೆಯ ಟ್ರಂಕಿನಲ್ಲಿದೆ. ಭಾನುವಾರ ಹೋಗಿ ತರುತ್ತೇನೆ.