ತಲಕಾವೇರಿಯಲ್ಲಿ ಉಕ್ಕೋದು ಕಾವೇರಮ್ಮನಾ, ಬರೀ ಒರತೆಯಾ?

ಮಡಿಕೇರಿ ಮಂಜು:
ತುಲಾ ಸಂಕ್ರಮಣದ ಮುಹೂರ್ತಕ್ಕೆ ಸರಿಯಾಗಿ ತಲಕಾವೇರಿಯ ಕುಂಡಿಕೆಯಲ್ಲಿ (ಕಾವೇರಿ ಹುಟ್ಟೋ ಪುಟ್ಟ ಗುಂಡಿ) ಕಾವೇರಮ್ಮ ಉಕ್ಕಿ ಬರ್ತಾಳೆ ಅಂತಾರಲ್ಲ, ಅದನ್ನ ನೋಡೋಕೆ ಹೋಗಿದ್ದೆ. ಮುಹೂರ್ತ ಬಂತು, ಅರ್ಚಕರು ತೀರ್ಥ ಎರಚಿದ್ರು, ಜನ ಬಿಂದಿಗೆ, ಬಾಟಲಿ ಹಿಡ್ಕೊಂಡು ಕೊಳಕ್ಕೆ ನುಗ್ಗಿದ್ರು. ನನಗೆ ಕಂಡದ್ದು ಮುಂದಿನವರ ಬೆನ್ನು ಮಾತ್ರ! ಕುಂಡಿಕೆಯಲ್ಲಿ ಗುಳ್ಳೆ ಕಣ್ಣಾರೆ ಕಂಡವರಿದ್ದೀರಾ? ಕಂಡರೂ ಅಷ್ಟರಿಂದ ದೇವರಿದ್ದಾಳೆ ಅಂತ ಆಗುತ್ತಾ?

ತೋಟದ ತರ್ಲೆ:
ಅಕ್ಟೋಬರ್ ಅಂದ್ರೆ ಮಳೆಗಾಲ ಈಗಷ್ಟೇ ಮುಗಿದಿರುತ್ತೆ, ಬ್ರಹ್ಮಗಿರಿ ಬೆಟ್ಟ ನೀರು ಕುಡಿದು ಕೂತಿರುತ್ತೆ. ಒರತೆಯಲ್ಲಿ ಗುಳ್ಳೆ ಏಳೋದು ದೊಡ್ಡ ವಿಷಯ ಅಲ್ಲ, ಆ ಗಳಿಗೆಗೇ ಏಳುತ್ತಾ ಅನ್ನೋದು ಪ್ರಶ್ನೆ. ಹಿಂದಿನ ದಿನ, ಮರುದಿನ ಕೂಡ ಕ್ಯಾಮೆರಾ ಇಡಿ. ಮುಹೂರ್ತ ಗೊತ್ತಿಲ್ಲದವರಿಗೆ ವಿಡಿಯೋ ತೋರಿಸಿ, ಯಾವಾಗ ಉಕ್ಕಿತು ಕೇಳಿ. 1976ರಲ್ಲಿ ಬೆಂಗಳೂರು ವಿ.ವಿ. ಕುಲಪತಿ ಎಚ್. ನರಸಿಂಹಯ್ಯ ಪವಾಡ ಪರೀಕ್ಷೆಗೆ ಸಮಿತಿ ಮಾಡಿದಾಗಲೂ ಬೇಡಿಕೆ ಇದೇ: ನಮ್ಮೆದುರು, ನಮ್ಮ ಷರತ್ತಿನಲ್ಲಿ ಮಾಡಿ ತೋರಿಸಿ. (ಗುಳ್ಳೆ ಬರದಿದ್ರೆ ದೇವರೇ ಇಲ್ಲ ಅಂತಲೂ ಆಗಲ್ಲ, ಬಿಡಿ.)

ನಾಪೋಕ್ಲು ಅಕ್ಕ:
ನಮ್ಮನೇಲಿ ಯಾರೂ ಗುಳ್ಳೆ ಎಣಿಸಲ್ಲಪ್ಪ. ಮನೇಲಿ ಕಾವೇರಮ್ಮನಿಗೆ ಮಾಡೋ ಕಣಿಪೂಜೆಗೆ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಅತ್ತೆಯ ಪತ್ತಾಕ್ ಸರ ತೊಡಿಸ್ತೀವಿ. ಅದು ಸೌತೆಕಾಯಿ ಅಂತ ಗೊತ್ತಿಲ್ವಾ ನಮಗೆ? ಅಕ್ಕಿ ಹಾಕಿ ಕೈಮುಗಿವಾಗ ಕಾವೇರಮ್ಮನೇ. ತಾಯಿಗೆ ಯಾರಾದ್ರೂ ಷರತ್ತು ಹಾಕ್ತಾರಾ?

ಮಡಿಕೇರಿ ಮಂಜು:
ಅಕ್ಕಾ, ನಿಮ್ಮ ಸೌತೆಕಾಯಿ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಇಂಥ ನಿಮಿಷಕ್ಕೇ ಉಕ್ಕುತ್ತೆ ಅಂತ ಸಾರಿದವರು ಭಕ್ತರೇ ತಾನೆ? ಸಮಯ ಹೇಳಿದ ಮೇಲೆ ಗಡಿಯಾರ ನೋಡಿದವನನ್ನ ಬೈದ್ರೆ ಹೇಗೆ?