ಎಲ್ಲರೂ ಒಂದೇ ಥರದ ಕ್ಯಾರೆಕ್ಟರ್ ಮಾಡ್ತಾರೆ, ಏನು ಮಾಡೋದು?

ಜಯನಗರ_ಡಿಎಂ:
ಡಂಜನ್ಸ್ ಅಂಡ್ ಡ್ರಾಗನ್ಸ್ (ಪಾತ್ರ ಕಟ್ಟಿ, ದಾಳ ಉರುಳಿಸಿ ಕಥೆ ನಡೆಸೋ ಆಟ), 2024ರ ರೂಲ್ಸು. ಭಾನುವಾರದ ಆಟ, ನಡೆಸೋದು ನಾನು, ಐದು ಜನ ಹೊಸಬರು. ನಾಲ್ಕು ಶೀಟ್ (ಪಾತ್ರದ ವಿವರ ಬರೆಯೋ ಹಾಳೆ) ಒಂದೇ ಅಚ್ಚು: ಅಪ್ಪ ಅಮ್ಮ ಇಲ್ಲದ, ಯಾರ ಹತ್ರಾನೂ ಮಾತಾಡದ, ಕತ್ತಿ ಹಿಡಿದ ಗಂಡಸು. ಇಬ್ಬರು ಹೆಣ್ಮಕ್ಕಳೂ ಅದನ್ನೇ ಬರೆದಿದ್ದಾರೆ. ಬೇರೆ ಬೇರೆ ವಯಸ್ಸು, ಕಸುಬು, ಮೈಕಟ್ಟಿನವರು ಬರಬೇಕು. ಬಲವಂತ ಮಾಡದೆ ಹೇಗೆ?

ಪೇಟೆಬೀದಿ:
ಕೇಳೋ ಕ್ರಮ ಬದಲಿಸಿ. ಕ್ಲಾಸ್ (ಯೋಧ, ಮಾಂತ್ರಿಕ ಥರದ ಪಾತ್ರದ ವರ್ಗ) ಮೊದಲು ಕೇಳಿದರೆ ಸಿನಿಮಾ ಹೀರೋನೇ ಬರೋದು. ಮೊದಲ ಅರ್ಧ ಗಂಟೆ ಶೀಟ್ ಮುಚ್ಚಿಡಿ, ಖಾಲಿ ಕಾರ್ಡಲ್ಲಿ ಬರೆಸಿ: ವಯಸ್ಸೆಷ್ಟು, ಹೊಟ್ಟೆಪಾಡಿಗೆ ಏನು ಮಾಡ್ತಿದ್ದರು, ಮನೇಲಿ ಯಾರು ಕಾಯ್ತಿದ್ದಾರೆ, ಯಾರಿಗೆ ಸಾಲ ಬಾಕಿ. ಮನೆಯ ಪ್ರಶ್ನೆಗೇ ಅನಾಥ ಹೀರೋ ಅರ್ಧ ಕರಗ್ತಾನೆ. ಕಸುಬು ಹೊಳೀಲಿಲ್ವಾ, ನಮ್ಮ ಬೆಂಗಳೂರಿನ ಹಳೇ ಪೇಟೆಗಳನ್ನ ಮುಂದಿಡಿ: ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ, ಬಳೇಪೇಟೆ. ಐವತ್ತೈದು ವರ್ಷದ ಬಳೆಗಾರ್ತಿ ರೋಗ್ (ಕೈಚಳಕದ, ಕಳ್ಳಹೆಜ್ಜೆಯ ಕ್ಲಾಸ್) ಆದರೆ ಯಾವ ಮನೆಯ ಒಳಕೋಣೆಗೆ ಯಾವ ಬಾಗಿಲು ಅನ್ನೋದು ಅವಳಿಗೆ ಮೊದಲೇ ಗೊತ್ತು. ಆದರೆ ಜಾತಿ ಗೇಲಿ, ಮಾತಿನ ಧಾಟಿಯ ಅಣಕ ಬೇಡ ಅಂತ ಆಟಕ್ಕೆ ಮುಂಚೆಯೇ ಖಡಾಖಂಡಿತ ಹೇಳಿ.

ದಾಳ_20:
ರೂಲ್ಸ್‌ನಲ್ಲೂ ತೊಡಕಿದೆ. 2014ರ ರೂಲ್ಸಲ್ಲಿ ಎಬಿಲಿಟಿ ಸ್ಕೋರ್ (ಬಲ, ಬುದ್ಧಿಯಂಥ ಗುಣಗಳ ಅಂಕ) ಏರಿಕೆ ರೇಸ್‌ಗೆ, ಅಂದರೆ ಪಾತ್ರದ ಜನಾಂಗಕ್ಕೆ, ಅಂಟಿತ್ತು. ಹಾಫ್ ಆರ್ಕ್‌ಗೆ ಸ್ಟ್ರೆಂತ್ +2, ಹಾಗಾಗಿ ಹಾಫ್ ಆರ್ಕ್ ಅಂದರೆ ಬಾರ್ಬೇರಿಯನ್ (ಮೈಬಲದ ಕ್ಲಾಸ್). 2020ರ ಐಚ್ಛಿಕ ನಿಯಮ ಅದನ್ನ ಬಿಡಿಸಿತು. 2024ರಲ್ಲಿ ಏರಿಕೆ ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿಂದಿನ ಬದುಕು, ಕಸುಬು) ಹೋಗಿ ಕೂತಿದೆ. ಫಾರ್ಮರ್‌ಗೆ ಸಿಗೋದು ಸ್ಟ್ರೆಂತ್, ಕಾನ್‌ಸ್ಟಿಟ್ಯೂಷನ್, ವಿಸ್ಡಮ್ ಅಷ್ಟೇ. ಬೇಸಾಯದವಳು ಬುದ್ಧಿಬಲದ ವಿಝರ್ಡ್ ಆದರೆ, ದಾಳ ಉರುಳಿಸದೆ ಸ್ಕೋರ್ ಹಂಚಿದಾಗ ಇಂಟೆಲಿಜೆನ್ಸ್ 15ಕ್ಕೇ ನಿಲ್ಲುತ್ತೆ, ಮಾಡಿಫೈಯರ್ (ದಾಳಕ್ಕೆ ಕೂಡಿಸೋ ಅಂಕ) +2. ಸೇಜ್ (ವಿದ್ವಾಂಸರ ಬ್ಯಾಕ್‌ಗ್ರೌಂಡ್) ತಗೊಂಡವರದು 17, ಅಂದರೆ +3. ವ್ಯತ್ಯಾಸ 20 ಮುಖದ ದಾಳದಲ್ಲಿ ಒಂದೇ ಅಂಕ, ನೂರಕ್ಕೆ 5. ಹೊಸಬರು ಅಷ್ಟಕ್ಕೇ ಹೆದರಿ ಸೇಜ್ ಹಿಡೀತಾರೆ.

ದಾರಿ 2024ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದೆ, ಬ್ಯಾಕ್‌ಗ್ರೌಂಡ್ ನೀವೇ ಕಟ್ಟಬಹುದು: ಮೂರು ಎಬಿಲಿಟಿ, ಒಂದು ಫೀಟ್ (ವಿಶೇಷ ಸಾಮರ್ಥ್ಯ), ಎರಡು ಸ್ಕಿಲ್, ಒಂದು ಟೂಲ್, ಜೊತೆಗೆ ಸಾಮಾನು. ಮೇಲಿನ ಬಳೆಗಾರ್ತಿಗೆ ಡೆಕ್ಸ್‌ಟೆರಿಟಿ, ಇಂಟೆಲಿಜೆನ್ಸ್, ಕರಿಸ್ಮಾ, ಫೀಟ್ ಸ್ಕಿಲ್ಡ್, ಸ್ಲೈಟ್ ಆಫ್ ಹ್ಯಾಂಡ್, ಪರ್ಸುವೇಷನ್, ಗ್ಲಾಸ್‌ಬ್ಲೋವರ್ಸ್ ಟೂಲ್ಸ್.

ಮಂಜಿನಕೋಟೆ:
ಕಣ್ಣು ಕಾಣದ ಪಾತ್ರ ಬಂದರೆ ಬ್ಲೈಂಡೆಡ್ ಕಂಡಿಷನ್ ಹಚ್ಚಬೇಡಿ ದಯವಿಟ್ಟು. ಅದರಲ್ಲಿ ಅವರ ಪ್ರತಿ ಹೊಡೆತಕ್ಕೂ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದು), ಅವರ ಮೇಲೆ ಬೀಳೋದಕ್ಕೆಲ್ಲ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚಿನದು). ಪಾತ್ರ ಬೇಗ ಸಾಯುತ್ತೆ, ಮತ್ತೆ ಯಾರೂ ಆ ಕಡೆ ತಲೆ ಹಾಕಲ್ಲ. ತಟ್ಟನೆ ಕುರುಡಾದವರ ಸ್ಥಿತಿ ಅದು. ಹಾಗೇ ಬದುಕಿ ಕಲಿತವರಿಗೆ ಬ್ಲೈಂಡ್ ಫೈಟಿಂಗ್ ಅನ್ನೋ ಕಾದಾಟದ ಶೈಲಿಯಲ್ಲಿರೋ ಹಾಗೆ 10 ಅಡಿ ಬ್ಲೈಂಡ್‌ಸೈಟ್ (ಕಣ್ಣಿಲ್ಲದೆ ಸುತ್ತಲಿನದು ಗ್ರಹಿಸೋ ಶಕ್ತಿ) ಕೊಡಿ, ಕ್ಲಾಸ್ ಯಾವುದೇ ಇರಲಿ. ಇನ್ನೊಂದು, ನಿಮ್ಮ ಎನ್‌ಪಿಸಿಗಳನ್ನೂ (ಆಟ ನಡೆಸೋರೇ ಆಡಿಸೋ ಪಾತ್ರಗಳು) ಒಮ್ಮೆ ನೋಡಿ. ಕಾವಲಿನ ಮುಖ್ಯಸ್ಥ, ಕಮ್ಮಾರ, ರಾಜ ಎಲ್ಲರೂ ಗಂಡಸರೇ ಆಗಿದ್ದರೆ ಆಟಗಾರರೂ ಅದನ್ನೇ ಬರೀತಾರೆ.